ನಾಲ್ಕು ಬೆರಳಿನ ಅಂಚು

ಮೊಳಕಾಲ್ಮೂರಿನ ನೇಕಾರ ಹೊನ್ನೂರಸ್ವಾಮಿ ತಮ್ಮ ಬದುಕನ್ನು ನನಗೆ ಮೂರು ಮಧ್ಯಾಹ್ನಗಳಲ್ಲಿ ಹೇಳಿದರು. ಮೊದಲ ಎರಡು ದಿನ ಮಗ್ಗದ ಮಾತೇ ಆಯಿತು. ಮೂರನೆಯ ದಿನ, ಪತ್ನಿ ಪುಷ್ಪಾ ಪಕ್ಕದಲ್ಲಿ ಕುಳಿತಿದ್ದಾಗ, ಆ ಮಂಗಳವಾರದ ವಿಷಯ ಬಂತು.

ಅವರು ನೇಯುವ ರೇಷ್ಮೆ ಸೀರೆಗೆ ಮೂರು ಲಾಳಿ, ಇಬ್ಬರು ಆಳು. ಒಡಲಿನ ಲಾಳಿ ಮತ್ತು ಬಲ ಅಂಚಿನ ಲಾಳಿ ಗಂಡನದು. ಎಡ ಅಂಚಿನದು ಹೆಂಡತಿಯದು. ಒಡಲಿನ ನೂಲಿಗೆ ಅಂಚಿನ ನೂಲನ್ನು ಕೊಕ್ಕೆ ಹಾಕಿ ಬಿಗಿಯಬೇಕು. ನೇಯುತ್ತಿರುವ ಹೂವಿನ ಚಿತ್ತಾರದ ನಡುವೆ ಯಾರಾದರೂ ಎದ್ದರೆ ಬಟ್ಟೆಯ ಮೇಲೆ ಅಡ್ಡಗೆರೆಯೊಂದು ನಿಲ್ಲುತ್ತದೆ. ಆದ್ದರಿಂದ ಹೂವು ಮುಗಿಯದೆ ಏಳಬಾರದೆಂಬುದು ಆ ಮನೆಯಲ್ಲಿ ಮೂರು ತಲೆಮಾರಿನ ಕಟ್ಟು.

ಅಂದು ಬೆಳಗಿನ ಹನ್ನೊಂದರ ಸುಮಾರಿಗೆ ಪುಷ್ಪಾ ಲಾಳಿ ಎಸೆಯುವುದನ್ನು ನಿಲ್ಲಿಸಿದರು.

“ಏನ್ರೀ, ತಲೆ ಹಿಂದ್ಗಡೆ ಸಿಡ್ದಂಗಾತು. ಸ್ವಲ್ಪ ಮಲಗ್ತೀನ್ರಿ.”

“ಹೂವು ಮುಗಿಸಿ ಏಳು. ಗೆರೆ ಬೀಳ್ತೈತೆ.”

ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಕೇಳಿದರು. ಉತ್ತರ ಅದೇ. ನಲವತ್ತು ನಿಮಿಷ ಪುಷ್ಪಾ ಲಾಳಿ ಎಸೆದರು. ಆಮೇಲೆ ವಾಂತಿ ಮಾಡಿಕೊಂಡು ಮಗ್ಗದ ಮೇಲೆಯೇ ಬಿದ್ದರು.

ಆಂಬುಲೆನ್ಸ್ ಚಳ್ಳಕೆರೆ ದಾಟಿ ಬೆಂಗಳೂರು ಮುಟ್ಟಿದಾಗ ಸಂಜೆ. ಮೆದುಳಿನ ರಕ್ತನಾಳದ ಒಂದು ಕಡೆ ಗೋಡೆ ತೆಳುವಾಗಿ ಉಬ್ಬಿ, ಉಬ್ಬು ಒಡೆದಿತ್ತು. ತಲೆನೋವು ಯಾವಾಗ ಶುರುವಾಯಿತೆಂದು ವೈದ್ಯರು ಕೇಳಿದರು. “ಬಿದ್ದಾಗ್ಲೇ ಸಾರ್,” ಎಂದರು ಹೊನ್ನೂರಸ್ವಾಮಿ. ಫೈಲಿನಲ್ಲಿ ಹಾಗೆಯೇ ಬರೆಯಲಾಯಿತು.

ವೈದ್ಯರು ಚಿತ್ರ ಬರೆದು ವಿವರಿಸಿದರು. ಉಬ್ಬಿನೊಳಗೆ ರಕ್ತ ನುಗ್ಗಿ ಸುಳಿ ತಿರುಗುತ್ತದೆ, ಗೋಡೆಯನ್ನು ಬಡಿಯುತ್ತದೆ. ತೊಡೆಸಂದಿಯ ನಾಳದಿಂದ ಕೊಳವೆ ಏರಿಸಿ, ಕೂದಲಿಗಿಂತ ತೆಳುವಾದ ಪ್ಲಾಟಿನಂ ತಂತಿಯನ್ನು ಅಲ್ಲಿ ಸುರುಳಿ ಸುರುಳಿಯಾಗಿ ತುಂಬುತ್ತಾರೆ. ಆಗ ಒಳಗಿನ ರಕ್ತದ ವೇಗ ತಗ್ಗುತ್ತದೆ, ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಹೊರಗಿನ ಹರಿವು ಉಬ್ಬಿಗೆ ತಿರುಗದೆ ನೇರವಾಗಿ ಸಾಗುತ್ತದೆ.

“ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿದಂಗೇನ್ರಿ?” ಎಂದು ಕೇಳಿದ್ದರಂತೆ ಹೊನ್ನೂರಸ್ವಾಮಿ.

“ಹಾಗೇ ಅನ್ನಿ. ಆದರೆ ಹರಿವು ದಿನವೂ ಉಬ್ಬಿನ ಬಾಯಿಯನ್ನು ಒತ್ತುತ್ತಲೇ ಇರುತ್ತದೆ. ಸುರುಳಿ ಕುಗ್ಗಿದರೆ ರಕ್ತ ಮತ್ತೆ ಒಳಗೆ ನುಗ್ಗಬಹುದು. ಆರು ತಿಂಗಳಿಗೆ ನಾಳದ ಫೋಟೋ ತೆಗೆಯಲೇಬೇಕು.”

ಪುಷ್ಪಾ ಬದುಕಿದರು. ಆದರೆ ಆ ಬೆಳಗು ಅವರ ನೆನಪಿನಲ್ಲಿ ಉಳಿಯಲಿಲ್ಲ. ಒಲೆ ಹಚ್ಚಿದ್ದು ಗೊತ್ತು. ಆಮೇಲೆ ಆಸ್ಪತ್ರೆಯ ಫ್ಯಾನು.

“ಅವತ್ತು ನಂಗೇನಾತ್ರಿ?” ಎಂದು ಮೇಲಿಂದ ಮೇಲೆ ಕೇಳುತ್ತಿದ್ದರು.

“ಇದ್ದಕ್ಕಿದ್ದಂಗೆ ಬಿದ್ದೆ.”

ಈ ಮಾತನ್ನು ಹೊನ್ನೂರಸ್ವಾಮಿ ಆರು ತಿಂಗಳು ಹೇಳಿದರು. ಆ ಅವಧಿಯಲ್ಲಿ ತಮ್ಮ ಮಗ್ಗದ ಹತ್ತಿರ ಸುಳಿಯಲಿಲ್ಲ. ಅರ್ಧ ನೇಯ್ದ ಸೀರೆಯ ಸಮೇತ ಅದಕ್ಕೆ ಹಳೆಯ ಪಂಚೆ ಹೊದಿಸಿ, ದೊಡ್ಡಪ್ಪನ ಮಗ ಮುರುಗೇಶನ ಮಗ್ಗದಲ್ಲಿ ಕೂಲಿಗೆ ಕುಳಿತರು. ನೇಕಾರನಾಗಿಯೂ ಅವರು ಮರೆತದ್ದು ಒಂದೇ: ಆ ಸೀರೆಯನ್ನು ಓದಬಲ್ಲ ಇನ್ನೊಬ್ಬರು ಮನೆಯಲ್ಲೇ ಇದ್ದರು.

ಆರು ತಿಂಗಳ ಫೋಟೋದಲ್ಲಿ ಉಬ್ಬಿನೊಳಗೆ ರಕ್ತದ ಸುಳಿವಿರಲಿಲ್ಲ. ಊರಿಗೆ ಬಂದ ಮರುದಿನ ಪುಷ್ಪಾ ಪಂಚೆ ಸರಿಸಿ ತಮ್ಮ ಜಾಗದಲ್ಲಿ ಕುಳಿತರು. ಎಡ ಅಂಚಿನ ಮೇಲೆ ಬೆರಳಾಡಿಸಿದರು. ಒಂದು ಕಡೆ ಬೆರಳು ನಿಂತಿತು. ಅಲ್ಲಿಂದ ನಾಲ್ಕು ಬೆರಳಿನಷ್ಟು ಉದ್ದ ಕೊಕ್ಕೆಗಳು ಸಡಿಲ, ಅಲ್ಲಲ್ಲಿ ನೂಲು ಕುಣಿಕೆಯಾಗಿ ಎದ್ದಿತ್ತು.

“ಇದು ನನ್ನ ಕೈ ಅಲ್ಲ,” ಎಂದರು. ಕುಣಿಕೆಗಳನ್ನು ಮತ್ತೆ ಮುಟ್ಟಿ ನೋಡಿ, “ನನ್ನದೇ ಕೈ. ಇಷ್ಟುದ್ದ ನೋವಾಗೇ ಕುಂತಿದ್ನಾ?”

“ಹೂಂ.”

“ಏಳ್ತೀನಿ ಅಂದಿರ್ಲಿಲ್ವಾ?”

“ಅಂದಿದ್ದೆ. ಎಲ್ಡು ಸಲ. ನಾನೇ ಬ್ಯಾಡ ಅಂದೆ.”

ಪುಷ್ಪಾ ಬೆರಳನ್ನು ಅಂಚಿನಿಂದ ತೆಗೆದರು. ಎದ್ದು ಒಳಗೆ ಹೋದರು. ಹೊನ್ನೂರಸ್ವಾಮಿ ಆ ನಾಲ್ಕು ಬೆರಳನ್ನು ಬಿಚ್ಚಿ ಮತ್ತೆ ನೇಯಲು ಸೂಜಿ ತಂದಾಗ ಒಳಗಿನಿಂದಲೇ ಹೇಳಿದರು:

“ಅದನ್ನ ಬಿಚ್ಚಬ್ಯಾಡ್ರಿ. ಬಿದ್ದಾಗ್ಲೇ ನೋವು ಬಂತು ಅಂತ ಡಾಕ್ಟ್ರು ಫೈಲ್ ಓದಿದ್ರಲ್ಲ, ನೀವು ಬರ್ಸಿರೋ ಆ ಸುಳ್ಳನ್ನ ಮೊದ್ಲು ಬಿಚ್ಚ್ರಿ.”

ಮುಂದಿನ ಸೋಮವಾರ ಹೊನ್ನೂರಸ್ವಾಮಿ ಒಬ್ಬರೇ ಬೆಂಗಳೂರಿಗೆ ಹೋಗಿ ಹೇಳಿ ಬಂದರು. ವೈದ್ಯರು ಕೇಳಿಸಿಕೊಂಡು ಫೈಲಿನ ಸಾಲನ್ನು ತಿದ್ದಿದರು, ಮುಂದಿನ ರೋಗಿಯನ್ನು ಕರೆದರು. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತು ಎಂಬುದು ಹೊನ್ನೂರಸ್ವಾಮಿಯವರ ಮಾತು.

ಈಗ ಇಬ್ಬರೂ ಮತ್ತೆ ನೇಯುತ್ತಾರೆ. ಹೆಂಡತಿ ಲಾಳಿ ಕೆಳಗಿಟ್ಟರೆ ಗಂಡನೂ ಇಡುತ್ತಾರೆ, ಹೂವು ಅರ್ಧವಿದ್ದರೂ. ಇದಕ್ಕೆ ಮುಂಚೆ ನೇಯ್ದ ಸೀರೆಯಲ್ಲಿ ಹನ್ನೊಂದು ಅಡ್ಡಗೆರೆಗಳಿದ್ದವು. ಸೀರೆ ಕೊಳ್ಳುವ ಶಾಂತವೀರಪ್ಪ ಅದನ್ನು ಬೆಳಕಿಗೆ ಹಿಡಿದು ನಕ್ಕರಂತೆ: “ಏನಪ್ಪಾ, ಹೂವಿಗೊಂದು ಬೀಡಿ ಸೇದಿದಂಗೈತಲ್ಲ?”

“ನೀವೇನಂದ್ರಿ?” ಎಂದು ಕೇಳಿದೆ.

ಹೊನ್ನೂರಸ್ವಾಮಿ ಹೆಂಡತಿಯ ಕಡೆ ನೋಡಿದರು.

“ಇವ್ರು ಗೆರೆ ಎಣಿಸ್ತಾ ಕುಂತಿದ್ರು,” ಎಂದರು ಪುಷ್ಪಾ. “ನಾನು ಎಷ್ಟು ಸಲ ಎದ್ದೆ ಅಂತ.”