ಗಫೂರ್ ಸಾಹೇಬರು ಹಿಂದಿರುಗಿಸಿದ ಒಪ್ಪಿಗೆ

ಭಾಲ್ಕಿಯ ಗಫೂರ್ ಸಾಹೇಬರ ಎದುರು ಕುಳಿತು ಅವರ ಮಾತಿಗೆ 'ಇಲ್ಲ' ಎಂದವರನ್ನು ನಾನು ಈವರೆಗೆ ಕಂಡಿಲ್ಲ. ಕಳೆದ ವಾರ ಅಂಥ ಮನುಷ್ಯನನ್ನು ಕಾರಿನಲ್ಲಿ ಕೂರಿಸಿಕೊಂಡು ಔರಾದಿಗೆ ಕರೆದೊಯ್ದೆವು, ನನ್ನ ತಂಗಿಯ ಬಾಯಿಂದ ಒಂದು 'ಹೂಂ' ಹೊರಡಿಸಲು.

ಉತ್ಪ್ರೇಕ್ಷೆ ಎನ್ನುವಿರಾ? ಅವರು ಬಟ್ಟೆ ಅಂಗಡಿ ನಡೆಸುತ್ತಿದ್ದಾಗ ಕುಪ್ಪಸದ ಖಣ ಕೇಳಿ ಬಂದವರು ಮದುವೆಯ ಜವಳಿ ಒಯ್ದದ್ದುಂಟು, ಮನೆಯಲ್ಲಿ ಮದುವೆಯೇ ಇಲ್ಲದಿದ್ದರೂ. ಅವರ ನಾಲಿಗೆಯ ಮೇಲೆ ಯಾವುದೋ ಪೀರನ ದುವಾ ಇದೆಯೆಂದು ಜನ ನಂಬಿದ್ದಾರೆ. ನಾನು ನಂಬುವವನಲ್ಲ, ಅನುಭವಿಸಿದವನು. ಹಿಂದೊಮ್ಮೆ ವಾಚನಾಲಯ ಸಮಿತಿಯ ಚುನಾವಣೆಗೆ ನಿಂತಿದ್ದ ನನ್ನನ್ನು ಅವರು ಒಂದೇ ಮಾತುಕತೆಯಲ್ಲಿ ಹಿಂದೆ ಸರಿಸಿದರು. ನಾಮಪತ್ರ ವಾಪಸಾತಿಗೆ ನಗುನಗುತ್ತ ಸಹಿ ಹಾಕಿದೆ. ಬಸ್ ನಿಲ್ದಾಣ ತಲುಪಿದ ಮೇಲೆ ಎಚ್ಚರವಾಯಿತು: ಏಕೆ ಸರಿದೆ? (ಉತ್ತರ ಇಂದಿಗೂ ಸಿಕ್ಕಿಲ್ಲ. ಅಧ್ಯಕ್ಷರಾದವರು ನನಗೊಂದು ಧನ್ಯವಾದವನ್ನೂ ಹೇಳಲಿಲ್ಲ. ಅದೂ ನೆನಪಿದೆ.)

ಇಷ್ಟಾಗಿಯೂ ಅವರನ್ನೇ ಕರೆದದ್ದೇಕೆ? ತಂಗಿ ಶಾಂತಾಬಾಯಿಯ ಹೊಟ್ಟೆಯಲ್ಲಿ ಗಡ್ಡೆಯಿದೆ. ತಡಮಾಡದೆ ಆಪರೇಷನ್ ಆಗಬೇಕೆಂದು ಬೀದರಿನ ಡಾಕ್ಟರು ಹೇಳಿ ತಿಂಗಳುಗಳೇ ಕಳೆದವು. ಆಕೆ ಒಲ್ಲೆ ಎನ್ನುತ್ತಾಳೆ. ಆಕೆಯ ಮಗ ರಾಜಕುಮಾರ ಅತ್ತ. ನಾನು ಗದರಿದೆ. ಕಮಲನಗರದ ಬೀಗರು ಬಂದು ಬುದ್ಧಿ ಹೇಳಿದರು. ಆಕೆ ಜಗ್ಗಲಿಲ್ಲ.

ನಮ್ಮ ಕಡೆ ಒಂದು ಅಸ್ತ್ರವಿದೆ. ಮನೆಗೆ ಬಂದ ಹಿರಿಯರು ಮುಂದಿಟ್ಟ ಚಹಾ ಮುಟ್ಟದೆ, 'ಮೊದಲ ನನ್ನ ಮಾತ ನಡಸ್ರಿ, ಆಮ್ಯಾಲ ಚಾ' ಎಂದುಬಿಟ್ಟರೆ ಮುಗಿಯಿತು. ಅತಿಥಿಯನ್ನು ಹಾಗೇ ಎಬ್ಬಿಸಿ ಕಳಿಸುವ ಮನೆಯುಂಟೇ? ರಾಜಕುಮಾರ ದಾರಿಯುದ್ದಕ್ಕೂ ಅದನ್ನೇ ನೆನಪಿಸುತ್ತಿದ್ದ: "ಚಾಚಾ, ಅವ್ವ ಹೂಂ ಅನ್ನೋತನಕ ಕಪ್ ಮುಟ್ಟಬ್ಯಾಡ್ರಿ."

ಸಾಹೇಬರು ಮಾಡಿದ್ದೇನು? ಬಂದ ಚಹಾ ಕುಡಿದರು. ಇನ್ನರ್ಧ ಕಪ್ ಕೇಳಿ ಹಾಕಿಸಿಕೊಂಡರು! ಅಸ್ತ್ರವನ್ನೇ ನುಂಗಿದ ಯೋಧನನ್ನು ನಾನು ಅಂದೇ ನೋಡಿದ್ದು.

"ಚಾ ಫಸ್ಟ್‌ಕ್ಲಾಸ್ ಆಗ್ಯಾದ ಅಕ್ಕಾ," ಎಂದರು. "ಕುಡದಾಯ್ತು. ಈಗ ನನ್ನ ಮಾತು ನೀವು ಕೇಳಿದ್ರೂ ಆಯ್ತು, ಬಿಟ್ರೂ ಆಯ್ತು."

"ಅಣ್ಣ ಈ ಸಲ ದೊಡ್ಡ ವಕೀಲರನ್ನ ಹಿಡ್ಕೊಂಡು ಬಂದಾನ ಅನ್ರಿ," ಎಂದಳು ತಂಗಿ.

ಬಳಿಕ ಸಾಹೇಬರು ಮಾತಾಡಿದರು. ದನಿ ಏರಿಸಲಿಲ್ಲ. ಹೇಳಿದ್ದೆಲ್ಲ ನಾವು ಹೇಳಿದ್ದೇ. ಆದರೂ ಕೇಳುತ್ತ ಕೇಳುತ್ತ ನಾನೂ ಒಂದು ಆಪರೇಷನ್ ಮಾಡಿಸಿಕೊಳ್ಳಬೇಕೆನ್ನಿಸಿತು. ಶಾಂತಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಆಯ್ತರಿ, ಮಾಡಿಸ್ಕೋತೇನಿ," ಎಂದಳು.

ರಾಜಕುಮಾರ ಕೂಡಲೇ ಆಸ್ಪತ್ರೆಗೆ ಫೋನ್ ಹಚ್ಚಿದ. ಸಾಹೇಬರು ಅವನ ಕೈ ಹಿಡಿದರು.

"ಇಡು ಬೇಟಾ. ಈ ಹೂಂ ನಂದದ, ನಿಮ್ಮವ್ವಂದಲ್ಲ. ನಾ ಎದ್ದು ಹೋಗ್ತೇನಿ. ನನ್ನ ಮಾತಿನ ನಶಾ ಇಳೀಲಿ. ನಾಳಿ ಮುಂಜಾನಿ ಕೇಳು. ಅವಾಗ ಏನಂತಾರ, ಅದು ಖರೇ."

ನನಗೆ ತಡೆಯಲಾಗಲಿಲ್ಲ. "ನಾಳಿ ಒಲ್ಲೆ ಅಂದ್ರ? ಆಕಿ ಜೀವದ ಪ್ರಶ್ನಾ ಅದರಿ ಸಾಹೇಬ್ರ!"

"ಅದಕ್ಕೇ ಅನ್ಲಿಕ್ಕತ್ತೇನಿ ಮಾಸ್ತರ್. ಜೀವ ಅವರ್ದು. ಆ ಟೇಬಲ್ ಮ್ಯಾಲ ಮಲಗಾಕ ನಾ ಸಂಗಟ ಹೋಗ್ತೇನೇನು? ನಿಮಗೂ ಅವತ್ತ ಸಹಿ ಮಾಡೋ ಮೊದಲ ಒಂದ್ ರಾತ್ರಿ ಟೈಮ್ ಕೊಡಬೇಕಿತ್ತು. ಕೊಡಲಿಲ್ಲ. ಅವತ್ತಿನಿಂದ ನೀವು ನನ್ನ ಸಲಾಂ ತಗೊಂಡಿಲ್ಲ."

(ನಿಜ. ತೆಗೆದುಕೊಂಡಿಲ್ಲ.)

ಅವರು ಭಾಲ್ಕಿಗೆ ಹೊರಟುಹೋದರು. ನಾನು ಔರಾದಿನಲ್ಲೇ ಉಳಿದೆ, ಸಿಟ್ಟಿನ ಸಮೇತ. ಆದರೆ ಯೋಚಿಸಿ. ನಮ್ಮಿಂದ ದಿನಕ್ಕೆಷ್ಟು ಹೂಂಗಳನ್ನು ಕಸಿಯಲಾಗುತ್ತದೆ! ಫೋನಿನಲ್ಲಿ ಪಾಲಿಸಿ ಮಾರುವವರಿಗೆ 'ಇವತ್ತೇ ಲಾಸ್ಟ್ ಡೇಟ್'. ಓಟು ಕೇಳುವವರಿಗೆ ಅಂಗೈ ಮೇಲೆ ದೇವರ ಭಂಡಾರದ ಅರಿಶಿನವಿಟ್ಟು ಈಗಲೇ ಆಣೆ ಬೇಕು. ಎಲ್ಲರಿಗೂ ಅವಸರ, ನಮ್ಮ ಬುದ್ಧಿ ನಮಗೆ ಮರಳುವುದರೊಳಗೆ ಕೆಲಸ ಮುಗಿಯಬೇಕು. ಕೈಗೆ ಬಂದ ಹೂಂ ಅನ್ನು ತಿರುಗಿ ಕೊಟ್ಟವರನ್ನು ನೀವು ನೋಡಿದ್ದೀರಾ?

ಮರುದಿನ ಬೆಳಿಗ್ಗೆ ರಾಜಕುಮಾರ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಂಜುತ್ತ ಕೇಳಿದ. ತಂಗಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ಮಾಡಿಸ್ಕೊಳ್ಳೋದು ಬಿಡೋದು ಆಮ್ಯಾಲ ಹೇಳ್ತೇನಿ. ಮೊದಲ ಡಾಕ್ಟರ್ ಕೂಡ ನಾ ಒಬ್ಬಾಕಿನೇ ಮಾತಾಡಬೇಕು. ನೀವಿಬ್ರೂ ಹೊರಗ ಕುಂದರ್ರಿ."

ಬೀದರಿಗೆ ಹೋದೆವು. ಹಿಂದಿನ ಸಲಗಳಲ್ಲೆಲ್ಲ ಡಾಕ್ಟರು ಮಾತಾಡುತ್ತಿದ್ದುದು ನಮ್ಮೊಂದಿಗೆ. ಆಕೆ ಸ್ಟೂಲಿನ ಮೇಲೆ ಗೋಡೆ ನೋಡುತ್ತ ಕುಳಿತಿರುತ್ತಿದ್ದಳು. ಈ ಸಲ ಗೋಡೆ ನೋಡುವ ಸರದಿ ನಮ್ಮದು, ಕಾರಿಡಾರಿನ ಬೆಂಚಿನ ಮೇಲೆ. (ನನ್ನ ವಯಸ್ಸಿನವನನ್ನು ಹೊರಗೆ ಕೂರಿಸಿದ್ದನ್ನೂ ಮರೆಯಲಾರೆ.)

ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. "ಸೋಮವಾರ ಅಡ್ಮಿಟ್ ಆಗ್ತೇನಿ," ಎಂದಳು. ಮುಖ ಹಗುರವಾಗಿತ್ತು. ರಾಜಕುಮಾರ ಹೆಸರು ಬರೆಸಲು ಕೌಂಟರಿನತ್ತ ಓಡಿದ.

"ಅಷ್ಟೊತ್ತು ಒಳಗ ಏನ್ ಕೇಳಿದಿ?" ಎಂದೆ ನಾನು.

ಆಕೆ ಬಗ್ಗಿ ಚಪ್ಪಲಿ ಮೆಟ್ಟಿಕೊಂಡಳು. "ಇಷ್ಟ ದಿನ ಎಲ್ಲಾರೂ ನನಗ ಹೇಳ್ಲಿಕ್ಕೇ ಬಂದೀರಿ. ನಿನಗೇನಾರ ಕೇಳೋದದೇನು ಅಂತ ಒಬ್ಬರಾದ್ರೂ ಕೇಳೀರೇನು, ಅಣ್ಣಾ?"