ಬಾವಿಕಟ್ಟೆಯ ಹಸಿರು ಬಟ್ಟೆ

ನನಗೆ ಹೇಸಿಗೆ ಸ್ವಲ್ಪ ಜಾಸ್ತಿ. ಬಸ್ಸಿನ ಕಂಬಿಯನ್ನು ಸೆರಗು ಸುತ್ತಿ ಹಿಡಿಯುವವಳು, ಯಾರ ಮನೆಗೆ ಹೋದರೂ ಲೋಟ ಎತ್ತಿ ಕುಡಿಯುವವಳು ನಾನು. ಕಂಟೋನ್ಮೆಂಟಿನ ಕಾನ್ವೆಂಟೊಂದರಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಅಷ್ಟೂ ವರ್ಷ ಸಹೋದ್ಯೋಗಿಗಳು ಇದನ್ನೇ ಹಿಡಿದು ನನ್ನನ್ನು ರೇಗಿಸುತ್ತಿದ್ದರು. ಎಲ್ಲರಿಗಿಂತ ಹೆಚ್ಚು ರೇಗಿಸಿದವರು ಹರೆಯದಲ್ಲಿ ಐರ್ಲೆಂಡಿನಿಂದ ಬಂದು ಇಲ್ಲೇ ಮುದುಕಿಯಾದ ಸಿಸ್ಟರ್.

ನಾನು ಊಟದ ಡಬ್ಬಿ ಬಿಚ್ಚುವುದನ್ನೇ ಕಾದಿದ್ದು ಅವರು ತಮ್ಮೂರಿನ ಬಾವಿಯ ಕಥೆ ತೆಗೆಯುತ್ತಿದ್ದರು. ಬಾವಿಯೆಂದರೆ ಹೊಲದಂಚಿನ ಒಂದು ಒರತೆ, ಸುತ್ತ ನಾಲ್ಕು ಕಲ್ಲು. ಅದಕ್ಕೆ ಒಬ್ಬ ಸಂತ ಮಹಿಳೆಯ ಹೆಸರು. ಮದುವೆ ತಪ್ಪಿಸಿಕೊಳ್ಳಲು ಆಕೆ ತನ್ನ ಕಣ್ಣನ್ನು ತಾನೇ ಕಿತ್ತುಕೊಂಡಳಂತೆ. ಗಂಡಿನ ಕಡೆಯವರು ಓಡಿಹೋದ ಮೇಲೆ ಆ ನೀರಿನಲ್ಲಿ ಮುಖ ತೊಳೆದಳಂತೆ, ಕಣ್ಣು ವಾಪಸ್ ಬಂತಂತೆ. ನಾನು ಅನ್ನ ಕಲೆಸುವುದನ್ನು ನಿಲ್ಲಿಸಿ, "ಛೀ, ಊಟದ ಹೊತ್ತಲ್ಲಿ ಏನ್ ಸಿಸ್ಟರ್ ಇದು!" ಎಂದರೆ ಅವರಿಗೆ ಖುಷಿ. ಮೈಮೇಲೆ ಹುಣ್ಣಾದವರು ಆ ಒರತೆಗೆ ಮೂರು ಸುತ್ತು ಬಂದು, ತೊಟ್ಟ ಬಟ್ಟೆಯ ಚೂರನ್ನು ನೀರಿಗದ್ದಿ, ಹುಣ್ಣು ಒರೆಸಿ, ಪಕ್ಕದ ಮುಳ್ಳಿನ ಮರಕ್ಕೆ ಕಟ್ಟುತ್ತಿದ್ದರಂತೆ. ಬಟ್ಟೆ ಕೊಳೆತು ಉದುರುತ್ತಾ ಹೋದ ಹಾಗೆ ಹುಣ್ಣೂ ಮಾಯುತ್ತದೆಂದು ನಂಬಿಕೆ.

"ಆ ಬಟ್ಟೆ ಮಾತ್ರ ಮುಟ್ಬಾರ್ದು ಟೀಚರ್. ಬಿಚ್ದೋರಿಗೆ ಆ ಕಾಯ್ಲೆ ಬರತ್ತೆ."

"ನಾನ್ಯಾಕ್ ಮುಟ್ಲಿ? ನಂಗೇನ್ ಹುಚ್ಚಾ?"

ಸಿಸ್ಟರ್ ತೀರಿಕೊಂಡ ಎರಡನೇ ವರ್ಷ ನಾನು ಮುಟ್ಟಿದೆ.

ಹಲಸೂರಿನ ನಮ್ಮ ಮನೆಯ ಹಿಂದಿನ ಗಲ್ಲಿಯಲ್ಲೊಂದು ಹಳೆಯ ಬಾವಿಯಿದೆ, ಅದಕ್ಕೊಂದು ಬೇವಿನ ಮರ. ಸಮುದ್ರದಾಚೆಯ ಆ ಊರಿಗೂ ಈ ಗಲ್ಲಿಗೂ ಯಾರು ಹೇಳಿಕೊಟ್ಟರೋ, ಇಲ್ಲಿಯೂ ಅದೇ ಪದ್ಧತಿ. ರಜೆಯ ದಿನ ತಮಿಳಿನವರು, ಬುರ್ಖಾ ತೊಟ್ಟವರು, ಕೆ.ಆರ್. ಪುರದ ಕಡೆಯಿಂದ ಬಸ್ಸು ಹತ್ತಿ ಬರುವವರು ಎಲ್ಲರೂ ಬಂದು ಒರೆಸಿಕೊಂಡು ಕಟ್ಟಿ ಹೋಗುತ್ತಾರೆ. ನೀರಿನ ಮೇಲೆ ಹಾಲಿನ ಕವರು, ಕೊಳೆತ ಹೂವು, ತೆಂಗಿನ ಚಿಪ್ಪು. ಒಮ್ಮೆ ಹೊಟ್ಟೆ ಉಬ್ಬಿದ ಹೆಗ್ಗಣ ತೇಲುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಕೊಂಬೆಗಳಿಂದ ಜೋತಾಡುವ ಕೀವು ಕಲೆಯ ಚಿಂದಿಗಳು ಗಾಳಿ ಬಂದರೆ ದಾರಿಹೋಕರ ತಲೆಗೆ ತಾಗುತ್ತಿದ್ದವು. ಒಂದು ಭಾನುವಾರ ಅಕ್ಕಪಕ್ಕದ ನಾಲ್ಕು ಮನೆಯವರನ್ನು ಸೇರಿಸಿ, ಎರಡೆರಡು ಜೊತೆ ಗ್ಲೌಸ್ ಹಾಕಿಕೊಂಡು, ಚಿಂದಿಗಳನ್ನೆಲ್ಲ ಬಿಚ್ಚಿ ಇಡೀ ಮರವನ್ನು ಬೋಳಿಸಿದೆ. ಏಳು ಚೀಲ ತುಂಬಿತು. ಸಿಸ್ಟರ್ ಮಾತು ನೆನಪಾಗಲಿಲ್ಲ ಎಂದರೆ ಸುಳ್ಳು. ನೆನಪಾಯಿತು, ನಕ್ಕು ಚೀಲದ ಬಾಯಿ ಕಟ್ಟಿದೆ.

ಉಳಿದವರು ಕಾಫಿಗೆ ಹೋಗಿದ್ದರು. ಆಗ ಒಬ್ಬ ಹೆಂಗಸು ಹತ್ತು ವರ್ಷದ ಮಗಳ ಕೈ ಹಿಡಿದುಕೊಂಡು ಬಂದಳು. ಬೋಳು ಮರವನ್ನು ನೋಡಿ ಅಲ್ಲೇ ನಿಂತುಬಿಟ್ಟಳು.

"ಅಕ್ಕಾರ, ಇಲ್ಲೊಂದು ಹಸಿರು ಅರಿವಿ ಕಟ್ಟಿದ್ದೆ. ನೋಡೀರೇನ್ರಿ?"

ಕಲಬುರಗಿ ಕಡೆಯವಳು, ಟಿನ್ ಫ್ಯಾಕ್ಟರಿ ಹತ್ತಿರ ಬಾಡಿಗೆ ಕೋಣೆ. ಮಗಳ ಕುತ್ತಿಗೆಗೆ ಇಸುಬು.

"ಇದೆಲ್ಲ ಗಲೀಜು ಕಣಮ್ಮ. ಡಾಕ್ಟರಿಗೆ ತೋರ್ಸೋದಲ್ವಾ?" ಎಂದೆ, ಪಾಠ ಹೇಳುವ ದನಿಯಲ್ಲಿ.

"ತೋರ್ಸೀನ್ರಿ. ಮುಲಾಮ ಹಚ್ಚಲಿಕತ್ತೀನಿ, ಇದೂ ಮಾಡ್ಲಿಕತ್ತೀನಿ. ಅರಿವಿ ಅರ್ಧಾ ಹರದಿತ್ರಿ, ಕುತ್ಗಿನೂ ಅರ್ಧಾ ಮಾಯ್ದದ. ಈಗ ಹೆಂಗ್ರಿ?"

ಅವಳು ಹುಡುಗಿಯ ದುಪಟ್ಟಾ ಸರಿಸಿ ತೋರಿಸಿದಳು. ಒಂದು ಕಡೆ ತಿಳಿ ಚರ್ಮ, ಇನ್ನೊಂದು ಕಡೆ ಬಿರಿದು ರಸ ಒಸರುವ ಹಕ್ಕಳೆ. ನನ್ನ ಮುಖ ತಾನಾಗಿಯೇ ಕಿವುಚಿತು. ಹುಡುಗಿ ನನ್ನ ಮುಖ ನೋಡಿದಳು, ದುಪಟ್ಟಾವನ್ನು ಮೆಲ್ಲಗೆ ಮೇಲೆಳೆದುಕೊಂಡಳು. ಇಸುಬು ಅಂಟುರೋಗವಲ್ಲ ಎಂದು ನನಗೆ ಗೊತ್ತು, ತರಗತಿಯಲ್ಲಿ ಮಕ್ಕಳಿಗೆ ಹೇಳಿಯೂ ಇದ್ದೇನೆ. ನನ್ನ ಮುಖಕ್ಕೆ ಅದು ಗೊತ್ತಿರಲಿಲ್ಲ.

ಅಷ್ಟರಲ್ಲಿ ತಾಯಿಗೆ ಬೇರೆಯೇ ಗಾಬರಿಯಾಯಿತು. "ನೀವು ಬರಿಗೈಲೆ ಬಿಚ್ಚಿಲ್ಲಲ್ರಿ? ಬಿಚ್ಚಿದವ್ರಿಗೆ ಹತ್ತತದ ಅಂತಾರ್ರಿ."

ನಾನು ಅವಳ ಮಗಳ ಅರ್ಧ ಆರೋಗ್ಯವನ್ನು ಕಸಕ್ಕೆ ತುಂಬಿದ್ದೆ, ಅವಳು ನನ್ನ ಕೈಯ ಚಿಂತೆ ಮಾಡುತ್ತಿದ್ದಳು. ಚಿಂದಿಗಳಿಗಿಂತ ನನ್ನ ಮೇಲೆಯೇ ನನಗೆ ಹೆಚ್ಚು ಅಸಹ್ಯವಾಯಿತು.

ಕಸದ ಗಾಡಿ ಇನ್ನೂ ಬಂದಿರಲಿಲ್ಲ. ಚೀಲಗಳನ್ನು ಬಿಚ್ಚಿ ನೆಲಕ್ಕೆ ಸುರಿದೆ. ನಾರುತ್ತಿತ್ತು. ಒಂದಕ್ಕೊಂದು ಅಂಟಿದ ಚೂರುಗಳು ಗ್ಲೌಸ್ ಹಾಕಿದ ಬೆರಳಿಗೆ ಬಿಡಿಸಲು ಬರಲಿಲ್ಲ. ಗ್ಲೌಸ್ ತೆಗೆದೆ. ಎರಡು ಸಲ ವಾಂತಿ ಬಂದಂತಾಗಿ ಗೋಡೆಯ ಕಡೆ ತಿರುಗಿದೆ. ಐದನೇ ಚೀಲದಲ್ಲಿ ಹುಡುಗಿ ಗುರುತು ಹಿಡಿದಳು: ಅವಳ ಹಳೆಯ ಫ್ರಾಕಿನ ಅಂಚು, ಅರ್ಧ ಜಾಲರಿಯಾಗಿ ಹೋದದ್ದು.

ತಾಯಿ ಅದನ್ನು ನೀರಿಗದ್ದಿ ಕುತ್ತಿಗೆ ಒರೆಸಿ ನನ್ನ ಕೈಗಿಟ್ಟಳು. "ಬಿಚ್ಚಿದವ್ರು ನೀವು. ನೀವ ಕಟ್ರಿ."

ಹುಡುಗಿಯ ಮೈಬಿಸಿಗೆ ಬೆಚ್ಚಗಿತ್ತು, ಲೋಳೆಯಾಗಿತ್ತು. ಬೋಳು ಮರದಲ್ಲಿ ಅದೊಂದನ್ನೇ ಕಟ್ಟಿದೆ.

ಗಂಟು ಬಿಗಿದು ತಿರುಗಿದರೆ ಹುಡುಗಿ ತನ್ನ ಕುಡಿಯುವ ನೀರಿನ ಬಾಟಲಿಯ ಮುಚ್ಚಳ ತೆಗೆದು, ಬಗ್ಗಿಸಿ ಹಿಡಿದು ನಿಂತಿದ್ದಳು.

"ಕೈ ತೊಳ್ಕೋರಿ, ಟೀಚರ್‍ರಿ. ನನ್ ಮುಟ್ಟಿದ್ರ ನಮ್ ಸಾಲ್ಯಾಗ ಎಲ್ಲಾರೂ ತೊಳ್ಕೋತಾರ."

ನಾನು ಟೀಚರೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ನನ್ನ ದನಿಯಲ್ಲೇ ಗೊತ್ತಾಗಿರಬೇಕು, ಅಥವಾ ಮುಖದಲ್ಲಿ. ಬೇಡ ಮಗು ಎಂದೆ. ತಾಯಿ ಮಗಳು ಗಲ್ಲಿ ತಿರುಗುವವರೆಗೂ ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು ಅಲ್ಲೇ ನಿಂತಿದ್ದೆ. ಅವರು ಮರೆಯಾದ ಮೇಲೆ ಮನೆಗೆ ಓಡಿಹೋಗಿ, ಮೊಣಕೈವರೆಗೆ ಸೋಪು ಹಚ್ಚಿ ಮೂರು ಸಲ ತೊಳೆದುಕೊಂಡೆ.