ಡಬ್ಬಿಯಿಂದ ಬಂದ ಮೊದಲ ಕರೆ

ಸಮಸ್ತ ನಾಗರಿಕರ ಗಮನಕ್ಕೆ! ನಮ್ಮ ಬೀದಿ ತಿರುವಿನಲ್ಲಿರುವ, ಬೀರುವಿನಂಥ ಟೆಲಿಫೋನ್ ಕೇಬಲ್ ಡಬ್ಬಿಯ ಬಾಗಿಲು ಇಂದು ಬೆಳಿಗ್ಗೆಯಿಂದ ತೆರೆದೇ ಇದೆ. ಅದರ ಕಾದ ಕಬ್ಬಿಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸವಣೂರಿನ ಸಣ್ಣ ಹುಡುಗಿಯಾಗಿಬಿಟ್ಟೆ.

ಆಗ ನಮ್ಮೂರಿಗೆ ಫೋನು ಹೊಸದು. ವೀಳ್ಯದೆಲೆ ಮಾರುವ ಬಸಪ್ಪ ಕಾಕಾನ ಅಂಗಡಿ ಮುಂದೆ ಇಂಥದೇ ಖಾಲಿ ಡಬ್ಬಿಯೊಂದನ್ನು ತಂದು ನಿಲ್ಲಿಸಿದ್ದರು.

“ಎಕ್ಸ್‌ಚೇಂಜಿನಿಂದ ದಪ್ಪನ ಕೇಬಲ್ ಇದರೊಳಗ ಬರತೈತ್ರಿ. ಇಲ್ಲಿಂದ ಮನಿಗೊಂದು ತೆಳ್ಳನ ವೈರು. ಊರ ಮಾತೆಲ್ಲಾ ಇದರೊಳಗ ಹಾದು ಹೋಗ್ತಾವ” ಎಂದು ಲೈನ್‌ಮನ್ ವಿವರಿಸಿದ್ದ. ಕಾಕಾ ಅದನ್ನು ಅಕ್ಷರಶಃ ನಂಬಿದ್ದ.

ಕಣ್ಣಾಮುಚ್ಚಾಲೆ ಆಡುತ್ತ ನಾನು ಅದರೊಳಗೆ ಅಡಗಿದೆ. ಬಾಗಿಲು ಬಡಿದು, ಹೊರಗಿನ ಚಿಲಕ ಬಿತ್ತು. ಕತ್ತಲು, ಸೆಕೆ, ಮೊಣಕೈ ಆಡಿಸಲೂ ಜಾಗವಿಲ್ಲ. ಉಸಿರು ಕಟ್ಟಿದಂತಾಗಿ ಕಿರುಚಿದೆ.

“ಹಲೋ! ಯಾವೂರಿಂದ ಮಾತಾಡಾಕತ್ತೀರಿ?” ಹೊರಗೆ ಕಾಕಾನ ಸಂಭ್ರಮದ ದನಿ.

“ಒಳಗ ಅದೇನಿ ಕಾಕಾ! ಬಾಗಲಾ ತಗೀರಿ!”

“ಒಳಗ ಅನ್ನೂ ಊರು ಯಾವ ತಾಲೂಕಿನಾಗ ಬರತೈತ್ರಿ? ಬಾಗಲಾ ತಗದ್ರ ಲೈನ್ ಕಟ್ ಆಕ್ಕೈತಿ, ಹಂಗ ಮಾತಾಡ್ರಿ!”

ನಾನು ಗೊಳೋ ಎಂದು ಅತ್ತೆ.

“ಪಾಪ, ಅವರ ಊರಾಗ ಯಾರೋ ತೀರಕೊಂಡಾರ” ಎಂದು ಕಾಕಾ ನೆರೆದ ಜನರಿಗೆ ವರದಿ ಒಪ್ಪಿಸಿದ.

ಅಷ್ಟರಲ್ಲಿ ಅವ್ವ ಓಡಿಬಂದಳು. “ಯಾವ ಊರ್ರೀ ಕಾಕಾರ? ನನ್ನ ಮಗಳು ಅಳೂದು ನನಗ ತಿಳಿಯೂದಿಲ್ಲೇನು?” ಎನ್ನುತ್ತ ಚಿಲಕ ಎಳೆದಳು.

ಬೆವರಿನಲ್ಲಿ ತೊಯ್ದು ಹೊರಬಿದ್ದ ನನ್ನನ್ನು ಕಾಕಾ ದುಃಖದಿಂದ ನೋಡಿದ. “ಹೋತು, ಲೈನ್ ಕಟ್ ಆತು!”

ನಮ್ಮ ಬೀದಿಯ ಕಡೆ ಬಂದರೆ ಆ ಬಾಗಿಲನ್ನೊಮ್ಮೆ ಮುಚ್ಚಿಬಿಡಿ, ನನಗೆ ಹತ್ತಿರ ಹೋಗಲು ಇಂದಿಗೂ ಧೈರ್ಯವಿಲ್ಲ. ಮುಚ್ಚುವ ಮೊದಲು ಮಾತ್ರ ಒಳಗೆ ಇಣುಕಿ ನೋಡಿ.